ತುಮಕೂರಿನ ಬೆಳಗಿನ ಈಜು ಬ್ಯಾಚ್: ಕೋಚ್‌ಗೆ ಐದು, ನೀರಿಗೆ ಮೂರು, ಶೌಚಾಲಯಕ್ಕೆ ಸೊನ್ನೆ

ಅಂಕ ಮೇಲೇ ಕೊಟ್ಟಾಗಿದೆ. ಮೂರನ್ನೂ ಕೂಡಿಸಿ ಸರಾಸರಿ ತೆಗೆಯೋಕೆ ಹೋಗಬೇಡಿ. ಸೊನ್ನೆ ಬಿದ್ದ ಶೌಚಾಲಯಕ್ಕೂ ಎರಡು ಅಂಕ ಕಳ್ಕೊಂಡ ನೀರಿಗೂ ನೇರ ಸಂಬಂಧ ಇದೆ, ಅದನ್ನ ಮುಂದೆ ಬಿಡಿಸಿ ಬರೀತೀನಿ. ಈಜುಕೊಳದ ಹೆಸರು ಹಾಕ್ತಿಲ್ಲ. ನನ್ನ ದೂರೆಲ್ಲ ಕೊಳ ನಡೆಸೋರ ಮೇಲೆ. ಅಲ್ಲಿ ಸಂಬಳಕ್ಕಿರೋ ಕೋಚ್ ಮೇಡಂಗೆ ಇದರಿಂದ ತೊಂದರೆ ಆಗೋದು ಬೇಡ.

ನಾನು ಊರಲ್ಲಿ ಒಂದು ಮೆಡಿಕಲ್ ಸ್ಟೋರ್ ನಡೆಸ್ತೀನಿ, ವಯಸ್ಸು 45. ರಾತ್ರಿ ಒಂಬತ್ತರವರೆಗೂ ಕೌಂಟರ್ ಹಿಂದೆ ನಿಂತೇ ಇರೋ ಕೆಲಸ. ಈಜು ಕಲಿತದ್ದು ತಿಪಟೂರು ಕಡೆ ಅಜ್ಜಿ ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಕೊಂಡು. ಹಾಗಾಗಿ ಮುಳುಗೋ ಭಯ ಮೊದಲಿಂದಲೂ ಇಲ್ಲ. ಬಾವಿಯಲ್ಲಿ ಈಜಿದೋರ ಅಭ್ಯಾಸ ಮಾತ್ರ ಪೂರ್ತಿ ಇತ್ತು: ತಲೆ ನೀರಿಂದ ಮೇಲೆ, ಕಾಲು ಜೋತು ಬಿದ್ದು, ನಾಲ್ಕು ಸುತ್ತು ಹೊಡೆದು ಮೆಟ್ಟಿಲ ಮೇಲೆ ಕೂತು ಹರಟೆ. ಇಲ್ಲಿ ಸೇರಿದ್ದು ‘ವಯಸ್ಕರ ಎಂಡ್ಯೂರೆನ್ಸ್ ಬ್ಯಾಚ್’ಗೆ. ಬೆಳಗ್ಗೆ 5.45ರಿಂದ 6.45, ವಾರಕ್ಕೆ ಐದು ದಿನ, ತಿಂಗಳಿಗೆ 2,500 ರೂಪಾಯಿ. 25 ಮೀಟರ್ ಕೊಳ, ಆರು ಲೇನ್, ಮೇಲೆ ತಗಡಿನ ಚಾವಣಿ, ಮೂರು ಕಡೆ ಗೋಡೆ.

ಬ್ಯಾಚ್ ಹೆಸರು ಕೇಳಿ, ಇನ್ನೇನು, ಗೋಡೆಯಿಂದ ಗೋಡೆಗೆ ಓಡಾಡಿಸಿ ‘ಇನ್ನೂ ಜೋರು, ಇನ್ನೂ ಜೋರು’ ಅಂತ ಕೂಗ್ತಾರೆ ಅಂದ್ಕೊಂಡು ಹೋದೋರೇ ಎಲ್ಲ. ಕೂಗಾಟ ಪಕ್ಕದ ಲೇನಲ್ಲಿ ಧಾರಾಳವಾಗಿದೆ. ನಮ್ಮ ಮೇಡಂ ಕೈಯಲ್ಲಿ ಒಂದು ಸ್ಟಾಪ್‌ವಾಚು, ಒದ್ದೆಯಾಗದಿರಲಿ ಅಂತ ಪ್ಲಾಸ್ಟಿಕ್ ಕವರ್ ಸುತ್ತಿದ ಒಂದು ನೋಟ್‌ಬುಕ್ಕು. ವಿಶ್ವವಿದ್ಯಾಲಯ ಮಟ್ಟದಲ್ಲಿ ಈಜಿದೋರು, ಮಾತು ಕಡಿಮೆ. ಮೊದಲ ವಾರದಲ್ಲೇ ಎರಡು ಪರೀಕ್ಷೆ ಮಾಡಿಸ್ತಾರೆ. ಒಂದಿನ 400 ಮೀಟರ್ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಇನ್ನೊಂದಿನ 200 ಮೀಟರ್. ನನ್ನದು 400ಕ್ಕೆ ಹತ್ತು ನಿಮಿಷ, 200ಕ್ಕೆ 4 ನಿಮಿಷ 48 ಸೆಕೆಂಡು. ಒಂದರಿಂದ ಇನ್ನೊಂದು ಕಳೆದರೆ ಉಳಿಯೋದು 312 ಸೆಕೆಂಡು, ಅಂದ್ರೆ ಆ ವ್ಯತ್ಯಾಸದ 200 ಮೀಟರಿಗೆ ಹಿಡಿದ ಸಮಯ. ಅರ್ಧ ಮಾಡಿದರೆ 100 ಮೀಟರಿಗೆ 2 ನಿಮಿಷ 36 ಸೆಕೆಂಡು. ಇದಕ್ಕೆ ಕ್ರಿಟಿಕಲ್ ಸ್ವಿಮ್ ಸ್ಪೀಡ್ ಅಂತಾರೆ. ದೇಹ ಉಸಿರಲ್ಲಿ ಸಿಗೋ ಆಮ್ಲಜನಕದಲ್ಲೇ ಬಹಳ ಹೊತ್ತು ತಳ್ಳಿಕೊಂಡು ಹೋಗಬಲ್ಲ ವೇಗದ ಗಡಿ ಹೆಚ್ಚುಕಮ್ಮಿ ಅಲ್ಲಿರುತ್ತೆ. ರಕ್ತ ತೆಗೆಯಬೇಕಾಗಿಲ್ಲ, ಯಂತ್ರ ಬೇಡ, ಗಡಿಯಾರ ಸಾಕು. ಆಮೇಲೆ ನಮ್ಮ ಸೆಟ್‌ಗಳೆಲ್ಲ ಆ ಅಂಕಿಯ ಮೇಲೇ ನಿಲ್ಲುತ್ತೆ: 100 ಮೀಟರ್ ಹತ್ತು ಸಲ, ಮಧ್ಯೆ 20 ಸೆಕೆಂಡು ಬಿಡುವು, ಪ್ರತಿ ಸಲವೂ 2.36ರ ಆಸುಪಾಸು. ಮೊದಲ ಮೂರು ಸಲ ‘ಇಷ್ಟೇನಾ’ ಅನ್ಸುತ್ತೆ. ಏಳನೇದರಲ್ಲಿ ಗೊತ್ತಾಗುತ್ತೆ.

ಮೊದಲ ಸಲವೇ ಎರಡು ನಿಮಿಷ ಹತ್ತು ಸೆಕೆಂಡಲ್ಲಿ ಮುಗಿಸಿ ಮೀಸೆ ತಿರುವಿದ ಒಬ್ಬರಿಗೆ ಮೇಡಂ ಶಹಬ್ಬಾಸ್ ಹೇಳಲಿಲ್ಲ, ನೋಟ್‌ಬುಕ್ಕಲ್ಲಿ ಬರ್ಕೊಂಡ್ರು ಅಷ್ಟೆ. ಐದನೇ ಸಲಕ್ಕೆ ಅವರು ಲೇನ್ ಹಗ್ಗಕ್ಕೆ ನೇತು ಬಿದ್ದಿದ್ದರು.

ಈ ಬ್ಯಾಚಿನ ಅಸಲಿ ವಿಷಯ ನಾಡಿ ಎಣಿಸೋದು. ಸೆಟ್ ಮುಗಿದ ತಕ್ಷಣ ಗೋಡೆ ಹಿಡ್ಕೊಂಡು, ಕತ್ತಿನ ಪಕ್ಕ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡ್ತಾ 10 ಸೆಕೆಂಡು ಎಣಿಸಬೇಕು. ಆರರಿಂದ ಗುಣಿಸಿದರೆ ನಿಮಿಷದ ಲೆಕ್ಕ. ಹದಿನೈದು ಸೆಕೆಂಡು ಯಾಕಲ್ಲ ಅಂದ್ರೆ, ನಿಂತ ಕೂಡಲೇ ಬಡಿತ ಇಳಿಯೋಕೆ ಶುರುವಾಗುತ್ತೆ, ಹೆಚ್ಚು ಹೊತ್ತು ಎಣಿಸಿದಷ್ಟೂ ಅಂಕಿ ಸುಳ್ಳಾಗುತ್ತೆ. ಸ್ಮಾರ್ಟ್‌ವಾಚ್ ಕಟ್ಕೊಂಡು ಬಂದೋರಿಗೆ ಬಿಚ್ಚಿಡಿ ಅಂತಾರೆ. ಅದರ ಹಸಿರು ದೀಪ ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಬೇಕು. ಕೈ ಬೀಸಿದಾಗೆಲ್ಲ ವಾಚಿಗೂ ಚರ್ಮಕ್ಕೂ ನಡುವೆ ನೀರು ನುಗ್ಗಿದರೆ ಅದು ಏನು ನೋಡುತ್ತೆ? ಒಬ್ಬರ ವಾಚಲ್ಲಿ ಏದುಸಿರು ಬಿಡ್ತಾ ಇರೋವಾಗ 88 ತೋರಿಸಿತ್ತು. ಇನ್ನೊಬ್ಬರು ಕೋವಿಡ್ ಕಾಲದಲ್ಲಿ ನನ್ನ ಅಂಗಡಿಯಲ್ಲೇ ತಗೊಂಡಿದ್ದ ಪಲ್ಸ್ ಆಕ್ಸಿಮೀಟರ್ ತಂದಿದ್ದರು. ತಣ್ಣಗಾಗಿ ಸುಕ್ಕುಗಟ್ಟಿದ ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ 86 ಅಂತ ಬಂತು, ಅವರ ಮುಖ ಬಿಳಿಚ್ಕೊಂಡಿತು. ಬೆರಳ ತುದಿಯಲ್ಲಿ ರಕ್ತ ಸಾಕಷ್ಟು ಹರಿಯದಿದ್ದಾಗ ಆ ಯಂತ್ರದ ಮಾತಿಗೆ ಬೆಲೆ ಇಲ್ಲ. ಟವೆಲಲ್ಲಿ ಕೈ ಬೆಚ್ಚಗೆ ಮಾಡ್ಕೊಂಡು ನೋಡಿದಾಗ 98.

ಇನ್ನೊಂದು ವಿಷಯ ಮೇಡಂ ಹೇಳೋವರೆಗೆ ಬ್ಯಾಚಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಅಮಾನಿಕೆರೆ ಸುತ್ತ ಓಡುವಾಗ ಬರೋ ಬಡಿತಕ್ಕಿಂತ, ಅಷ್ಟೇ ಸುಸ್ತಾಗೋ ಹಾಗೆ ಈಜಿದಾಗ ಬರೋದು ನಿಮಿಷಕ್ಕೆ 10ರಿಂದ 15 ಕಡಿಮೆ. ನೀರಲ್ಲಿ ಮಲಗಿರ್ತೀವಿ, ಹೃದಯ ರಕ್ತವನ್ನ ಕಾಲಿಂದ ಮೇಲಕ್ಕೆ ಎಳ್ಕೊಬೇಕಾಗಿಲ್ಲ. ಸುತ್ತಲಿನ ನೀರಿನ ಒತ್ತಡ ಕೈಕಾಲಿನ ರಕ್ತವನ್ನ ಎದೆ ಕಡೆ ತಳ್ಳುತ್ತೆ. ಕುತ್ತಿಗೆವರೆಗೆ ನೀರಲ್ಲಿ ಸುಮ್ಮನೆ ನಿಂತರೂ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೀಗೆ ಜಾಗ ಬದಲಾಯಿಸುತ್ತೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ತುಂಬಿ ಹೆಚ್ಚು ದೂಡುತ್ತೆ, ಬಡಿತ ಕಡಿಮೆ ಸಾಕಾಗುತ್ತೆ. ತಣ್ಣೀರು ಇದ್ದರೆ ಮೈ ತಣಿಸೋಕೆ ಚರ್ಮಕ್ಕೆ ರಕ್ತ ಕಳಿಸೋ ಕೆಲಸವೂ ಇಳಿಯುತ್ತೆ. ಮುಖ ತಣ್ಣೀರಲ್ಲಿ ಮುಳುಗಿದಾಗ ಬಡಿತ ನಿಧಾನ ಮಾಡೋ ಒಂದು ಸಹಜ ಪ್ರತಿಕ್ರಿಯೆ ಬೇರೆ ಇದೆ, ಡಾಲ್ಫಿನ್‌ಗೂ ಸೀಲ್‌ಗೂ ಇರೋದೇ. ಅಂದಮೇಲೆ ಜಿಮ್ಮಿನ ಗೋಡೆ ಮೇಲೆ ಅಂಟಿಸಿರೋ 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಹೇಳೋ ಸೂತ್ರ ಹಿಡ್ಕೊಂಡು ಕೊಳಕ್ಕೆ ಇಳಿದರೆ ಏನಾಗುತ್ತೆ? ನನಗೆ ಆ ಸೂತ್ರದಲ್ಲಿ 175. ನೀರಲ್ಲಿ ನನ್ನ ಮಿತಿ 160-165. ಓಟದ ಅಂಕಿ ಹುಡ್ಕೊಂಡು ಈಜಿದರೆ ದಿನಾ ಮಿತಿ ಮೀರಿ ಒದ್ದಾಡಿ, ಎರಡೇ ವಾರಕ್ಕೆ ಬಿಟ್ಟು ಓಡ್ತೀವಿ. ನನ್ನ ಹತ್ತು ನೂರು ಮೀಟರಿನ ಸೆಟ್ ಮುಗಿದಾಗ 10 ಸೆಕೆಂಡಿಗೆ 25 ಬರುತ್ತೆ, ಅಂದ್ರೆ 150. ಅದು ಸರಿಯಾದ ಜಾಗ. 27 ಬಂದ ದಿನ ಮೇಡಂ ಬಿಡುವು ಹೆಚ್ಚಿಸ್ತಾರೆ, ವಾದ ಮಾಡೋ ಹಾಗಿಲ್ಲ.

ಇಲ್ಲೊಂದು ಮಾತು ನನ್ನ ಕೌಂಟರಿನ ಅನುಭವದಿಂದ ಸೇರಿಸ್ತೀನಿ. ಬಿಪಿಗೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗೋರು ನಮ್ಮೂರಲ್ಲಿ ಬೀದಿಗೆ ಹತ್ತು ಜನ ಸಿಗ್ತಾರೆ. ಇವು ಬೀಟಾ ಬ್ಲಾಕರ್‌ಗಳು, ಹೃದಯದ ಬಡಿತ ಏರದ ಹಾಗೆ ಹಿಡಿದಿಡೋ ಮಾತ್ರೆ. ಎಷ್ಟೇ ಜೋರಾಗಿ ಈಜಿದರೂ ಅವರ ನಾಡಿ ಅಷ್ಟಾಗಿ ಏರೋದಿಲ್ಲ, ‘ನನಗೆ 110 ದಾಟಲ್ಲ, ನಾನು ಭಾರಿ ಫಿಟ್’ ಅಂತ ಹೇಳ್ಕೊಂಡು ತಿರುಗ್ತಾರೆ. ಅವರಿಗೆ ನಾಡಿಯ ಅಂಕಿ ಕೆಲಸಕ್ಕೆ ಬಾರದು. ಗೋಡೆ ಹತ್ರ ನಿಂತಾಗ ಒಂದು ವಾಕ್ಯ ಪೂರ್ತಿ ಹೇಳೋಕಾಗುತ್ತಾ, ಎರಡೇ ಪದಕ್ಕೆ ಉಸಿರು ಕಟ್ಟುತ್ತಾ ಅನ್ನೋದೇ ಅಳತೆ. ಈ ಮಾತು ಮೇಡಂಗೆ ಹೇಳಿದೆ. ಮಾರನೇ ದಿನ ಸೇರ್ಪಡೆ ಫಾರಂನ ಹಿಂದುಗಡೆ ‘ದಿನಾ ತೆಗೆದುಕೊಳ್ಳುವ ಮಾತ್ರೆಗಳು’ ಅಂತ ಒಂದು ಸಾಲು ಪೆನ್ನಲ್ಲಿ ಬರೆದಿದ್ರು. ಐದಕ್ಕೆ ಐದು ಕೊಡೋಕೆ ಇಷ್ಟು ಸಾಲದಾ?

ಬಾವಿ ಈಜಿನೋರಿಗೆ ಇಲ್ಲಿ ಮೊದಲ ತಿಂಗಳು ಅವಮಾನವೇ. ಶಿರಾ ಕಡೆಯ ಒಬ್ಬ ರೈತರು ಬರ್ತಾರೆ, ತೋಳು ನೋಡಿದರೆ ತೊಲೆ. ಅವರ ಪಕ್ಕದ ಲೇನಲ್ಲಿ ಹದಿಮೂರು ವರ್ಷದ, ಗಾಳಿಗೆ ಹಾರಿಹೋಗೋ ಹಾಗಿರೋ ಹುಡುಗಿ, ಅವರನ್ನ ಹಿಂದೆ ಹಾಕಿ ತಿರುಗಿ ಬರ್ತಾಳೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ನೀರಿನ ಪ್ರತಿರೋಧ ನಾಲ್ಕು ಪಟ್ಟಾಗುತ್ತೆ, ಅದನ್ನ ಮೀರೋಕೆ ಬೇಕಾಗೋ ಶಕ್ತಿ ಎಂಟು ಪಟ್ಟು. ಸೊಂಟ ಕೆಳಗೆ ಜೋತು ಬಿದ್ದು ನೀರಿಗೆ ಅಡ್ಡ ನಿಂತೋರು ಎಷ್ಟು ದಮ್ಮು ಕಟ್ಟಿದರೂ ಅದು ನೀರಿನ ಪಾಲೇ. ಮೇಡಂ ಮಾತಲ್ಲಿ ಹೇಳೋದಾದ್ರೆ, ‘ಎಂಜಿನ್ ದೊಡ್ಡದು ಮಾಡೋ ಮೊದಲು ಹ್ಯಾಂಡ್‌ಬ್ರೇಕ್ ತೆಗೀರಿ.’ ತಲೆ ಇಳಿಸಿ, ತಳದ ಕಪ್ಪು ಗೆರೆ ನೋಡಿ, ಎದೆ ಒತ್ತಿ, ಸೊಂಟ ತಾನಾಗೇ ಏಳುತ್ತೆ. ಇದನ್ನ ನನ್ನ ಬೆನ್ನ ಮೇಲೆ ಒಂದು ಅಂಗೈ ಇಟ್ಟು, ಇನ್ನೊಂದರಿಂದ ತಲೆ ಹಿಂಭಾಗ ಮೆಲ್ಲಗೆ ಒತ್ತಿ ತೋರಿಸಿಕೊಟ್ಟರು. ಅವತ್ತಿನ ಸೆಟ್‌ನಲ್ಲಿ ವೇಗ ಅಷ್ಟೇ ಇತ್ತು, ನಾಡಿ 10 ಸೆಕೆಂಡಿಗೆ ಎರಡು ಕಡಿಮೆ ಬಂತು.

ಉಸಿರಿನ ವಿಷಯಕ್ಕೆ ಬರೋಣ. ಓಡೋವಾಗ ಬೇಕಾದಾಗ ಉಸಿರು ಎಳ್ಕೊಬಹುದು, ಈಜಿನಲ್ಲಿ ತೋಳಿನ ಸರದಿ ಬಂದಾಗ ಮಾತ್ರ. ಅದರ ಮೇಲೆ ಎದೆಗೂಡಿನ ಸುತ್ತ ನೀರಿನ ಒತ್ತಡ, ಪ್ರತಿ ಉಸಿರನ್ನೂ ಆ ಒತ್ತಡ ಮೀರಿ ಎಳೀಬೇಕು. ಪಕ್ಕೆಲುಬಿನ ಸ್ನಾಯುಗಳಿಗೆ ಇದೇ ದೊಡ್ಡ ವ್ಯಾಯಾಮ. ಹೊಸಬರು ನೀರೊಳಗೆ ಉಸಿರು ಹಿಡ್ಕೊಂಡು, ಮೇಲೆ ಬಂದಾಗ ಬಿಟ್ಟು ಎಳ್ಕೊಳ್ಳೋ ಎರಡೂ ಕೆಲಸ ಒಟ್ಟಿಗೆ ಮಾಡೋಕೆ ಹೋಗ್ತಾರೆ. ಎದೆ ಬಿಗಿಯುತ್ತೆ, ‘ಆಮ್ಲಜನಕ ಸಾಲ್ತಿಲ್ಲ’ ಅನ್ಸುತ್ತೆ. ಅಲ್ಲಿ ಕಾಡ್ತಿರೋದು ಹೊರಗೆ ಹೋಗದೆ ಉಳಿದ ಇಂಗಾಲದ ಡೈಆಕ್ಸೈಡ್. ಉಸಿರು ತಗೋ ಅಂತ ಮೆದುಳನ್ನ ಚುಚ್ಚೋದು ಮುಖ್ಯವಾಗಿ ಅದೇ. ನೀರೊಳಗೆ ಮೂಗು ಬಾಯಿಂದ ಗುಳುಗುಳು ಅಂತ ನಿರಂತರವಾಗಿ ಬಿಡ್ತಾ ಹೋದರೆ ಅರ್ಧ ಗಾಬರಿ ಕಳೆಯುತ್ತೆ.

ಪಕ್ಕದ ಮಕ್ಕಳ ಬ್ಯಾಚಿನ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಅಲ್ಲಿ ನೀರೊಳಗೆ ಉಸಿರು ಕಟ್ಟಿ ಯಾರು ಹೆಚ್ಚು ದೂರ ಹೋಗ್ತಾರೆ ಅಂತ ಪಂದ್ಯ ಕಟ್ತಾರೆ. ಹುಡುಗರು ಅದಕ್ಕೆ ಮೊದಲು ಫುಸ್ ಫುಸ್ ಅಂತ ಹತ್ತು ಹದಿನೈದು ಸಲ ಜೋರಾಗಿ ಉಸಿರಾಡಿ ತಯಾರಾಗ್ತಾರೆ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರೋದಿಲ್ಲ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದುಬಿಡುತ್ತೆ. ಎಚ್ಚರಿಕೆ ಗಂಟೆ ತಡವಾಗಿ ಹೊಡೆಯುತ್ತೆ, ಅಷ್ಟರಲ್ಲಿ ಆಮ್ಲಜನಕ ತಳ ಮುಟ್ಟಿ ಹುಡುಗ ನೀರೊಳಗೇ ಸದ್ದಿಲ್ಲದೆ ಪ್ರಜ್ಞೆ ತಪ್ಪಬಹುದು. ಆಳವೇ ಬೇಕಿಲ್ಲ, ಎದೆಮಟ್ಟದ ನೀರಲ್ಲೂ ಹೀಗೆ ಪ್ರಾಣ ಹೋಗುತ್ತೆ. ಕೈಕಾಲು ಬಡಿಯೋದಿಲ್ಲ, ಕೂಗೋದಿಲ್ಲ. ಮೇಲಿಂದ ನೋಡೋರಿಗೆ ಇನ್ನೂ ಈಜ್ತಿದ್ದಾನೆ ಅಂತಲೇ ಕಾಣುತ್ತೆ. ನಮ್ಮ ಮೇಡಂ ಆ ಪಂದ್ಯಕ್ಕೆ ವಿರೋಧ ಅಂತ ಗೊತ್ತು, ಬೇರೆಯವರ ಬ್ಯಾಚಲ್ಲಿ ಅವರ ಮಾತು ನಡೆಯೋದಿಲ್ಲ. ಮಕ್ಕಳನ್ನ ಸೇರಿಸೋ ಅಪ್ಪ ಅಮ್ಮಂದಿರು ಇದನ್ನ ಕೇಳಿ ತಿಳ್ಕೊಳ್ಳಿ. ಗ್ಯಾಲರಿಯಲ್ಲಿ ಕೂತು, ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು, ನಮ್ಮೋನಿಗೇನು ಕಮ್ಮಿ ಅಂತ ಮಾತಾಡೋ ಹೊತ್ತಲ್ಲಿ ಕಣ್ಣು ನೀರಿನ ಮೇಲಿರಲಿ.

ಲ್ಯಾಕ್ಟಿಕ್ ಆಸಿಡ್. ‘ಮೇಡಂ, ನಿನ್ನೆ ಈಜಿದ್ದಕ್ಕೆ ಲ್ಯಾಕ್ಟಿಕ್ ಆಸಿಡ್ ಸೇರ್ಕೊಂಡಿದೆ, ಸ್ಪ್ರೇ ಕೊಡಿ’ ಅಂತ ನನ್ನ ಅಂಗಡಿಗೆ ಬರೋರ ಸಂಖ್ಯೆ ಬೇಸಿಗೆಯಲ್ಲಿ ಏರುತ್ತೆ. ಸ್ಪ್ರೇ ಕೊಡ್ತೀನಿ, ವ್ಯಾಪಾರ ಬಿಡೋಕಾಗಲ್ಲ. ಆದ್ರೆ ಜೋರಾಗಿ ಈಜಿದಾಗ ಹುಟ್ಟೋ ಲ್ಯಾಕ್ಟೇಟ್ (ಜನ ಲ್ಯಾಕ್ಟಿಕ್ ಆಸಿಡ್ ಅನ್ನೋದು ಇದಕ್ಕೇ) ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಖಾಲಿಯಾಗುತ್ತೆ. ಅದು ಕಸವೂ ಅಲ್ಲ. ಹೃದಯ, ಸುಮ್ಮನಿರೋ ಬೇರೆ ಸ್ನಾಯುಗಳು ಅದನ್ನೇ ಇಂಧನವಾಗಿ ಸುಡ್ತವೆ, ಯಕೃತ್ತು ಮತ್ತೆ ಸಕ್ಕರೆ ಮಾಡ್ಕೊಳ್ಳುತ್ತೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಗಾಯದ್ದು. ಸೆಟ್ ಮುಗಿದ ಕೂಡಲೇ ಮೇಲೆ ಹತ್ತಿ ಕೂರೋಕೆ ಮೇಡಂ ಬಿಡೋದಿಲ್ಲ. 200 ಮೀಟರ್ ಆರಾಮಾಗಿ, ಮಾತಾಡೋ ಉಸಿರಲ್ಲಿ ಈಜಿಸ್ತಾರೆ. ಸ್ನಾಯು ಮೆಲ್ಲಗೆ ಓಡಾಡ್ತಿದ್ದರೆ ಲ್ಯಾಕ್ಟೇಟ್ ಬೇಗ ಬಳಕೆಯಾಗುತ್ತೆ. ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್‌ಗೂ ರೇಸ್ ಮುಗಿದ ಮೇಲೆ ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಲ್ಯಾಕ್ಟೇಟ್ ನೋಡಿ, ಇಳಿಯೋವರೆಗೆ ಹೀಗೇ ಮೆಲ್ಲಗೆ ಈಜಿಸ್ತಿದ್ದರಂತೆ. 2008ರ ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆಲ್ಲೋಕೆ ಒಂದು ರೇಸಿಂದ ಇನ್ನೊಂದಕ್ಕೆ ಮೈ ಸಿದ್ಧ ಮಾಡ್ಕೊಳ್ಳೋದೂ ಅಷ್ಟೇ ಮುಖ್ಯ ಇತ್ತು. ನಮಗೆ ಗೆಲ್ಲೋಕೇನೂ ಇಲ್ಲ, ಎಂಟು ಗಂಟೆಗೆ ಅಂಗಡಿ ಶಟರ್ ಎತ್ತೋಕೆ ತೋಳು ಏಳಬೇಕು ಅಷ್ಟೆ.

ಈಗ ಸೊನ್ನೆ.

ನೀರಿಗಿಳಿದ ಇಪ್ಪತ್ತು ನಿಮಿಷಕ್ಕೆ ಎಲ್ಲರಿಗೂ ಮೂತ್ರ ಒತ್ತುತ್ತೆ. ಮನೆಯಿಂದ ಹೋಗಿ ಬಂದಿದ್ದರೂ ಅಷ್ಟೇ. ಮೇಲೆ ಹೇಳಿದೆನಲ್ಲ, ರಕ್ತ ಎದೆ ಕಡೆ ಸರಿಯುತ್ತೆ ಅಂತ, ಅದರಿಂದ ಹೃದಯದ ಮೇಲಿನ ಕೋಣೆ ಹಿಗ್ಗುತ್ತೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಲೆಕ್ಕ ಹಾಕಿ ಹಾರ್ಮೋನುಗಳ ಮೂಲಕ ಮೂತ್ರಪಿಂಡಕ್ಕೆ ‘ಹೊರಗೆ ಹಾಕು’ ಅನ್ನೋ ಸೂಚನೆ ಹೋಗುತ್ತೆ. ತಣ್ಣೀರಾದರೆ ಇನ್ನೂ ಜೋರು. ಇದು ಶಿಸ್ತಿನ ಪ್ರಶ್ನೆಯೇ ಅಲ್ಲ, ದೇಹದ ಕೆಲಸ. ಈಜುಕೊಳ ಕಟ್ಟೋರಿಗೆ ಇದು ಗೊತ್ತಿರಬೇಕು, ಶೌಚಾಲಯ ನೀರಿನ ಪಕ್ಕ ಇರಬೇಕು. ಇಲ್ಲಿ ಅದಿರೋದು ಗೇಟಿನ ಹತ್ತಿರ, ಪಾರ್ಕಿಂಗ್ ದಾಟಿ. ಒದ್ದೆ ಮೈಯಲ್ಲಿ, ಡಿಸೆಂಬರಿನ ಚಳಿಯಲ್ಲಿ, ಬೈಕುಗಳ ನಡುವೆ ಹಾದು ಹೋಗಬೇಕು. ಹೆಂಗಸರದಕ್ಕೆ ಬೀಗ. ಬೀಗದ ಕೈ ವಾಚ್‌ಮನ್ ಹತ್ರ. ವಾಚ್‌ಮನ್ ಟೀ ಕುಡಿಯೋಕೆ ಹೋಗಿರ್ತಾರೆ. ಯಾಕೆ ಬೀಗ ಅಂತ ಆಫೀಸಲ್ಲಿ ಕೇಳಿದರೆ, ‘ಗಲೀಜು ಮಾಡ್ತಾರೆ ಮೇಡಂ.’ ಹಾಗಾದ್ರೆ ಗಲೀಜು ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಉತ್ತರ ಬರಲಿಲ್ಲ, ಎಲ್ಲರ ಮೂಗಿಗೂ ಅದರ ಉತ್ತರ ಗೊತ್ತು.

ಕೊಳದ ಬಾಗಿಲಲ್ಲೇ ಮೂಗಿಗೆ ಹೊಡೆಯೋ ಆ ಘಾಟನ್ನ ಜನ ಕ್ಲೋರಿನ್ ಅಂದ್ಕೊತಾರೆ, ‘ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ, ನೀರು ಶುದ್ಧ’ ಅಂತ ಸಮಾಧಾನ ಪಡ್ತಾರೆ. ಚೊಕ್ಕಟ ನೀರಲ್ಲಿ ಅಳತೆಗೆ ಸರಿಯಾಗಿ ಕ್ಲೋರಿನ್ ಇದ್ದರೆ ವಾಸನೆ ಅಷ್ಟಾಗಿ ಇರೋದಿಲ್ಲ. ಮೂತ್ರದ, ಬೆವರಿನ ಯೂರಿಯಾ ಕ್ಲೋರಿನ್ ಜೊತೆ ಸೇರಿ ಹುಟ್ಟೋ ಕ್ಲೋರಮೈನ್‌ಗಳ ಘಾಟು ಅದು. ಅದರಲ್ಲಿ ಟ್ರೈಕ್ಲೋರಮೈನ್ ಅನ್ನೋದು ನೀರಲ್ಲಿ ನಿಲ್ಲದೆ ಗಾಳಿಗೆ ಏಳುತ್ತೆ, ನೀರಿನ ಮೇಲ್ಮೈಗೆ ಅಂಟಿದ ಹಾಗೆ ತೇಲ್ತಾ ಇರುತ್ತೆ. ನಾವು ಉಸಿರು ಎಳ್ಕೊಳ್ಳೋದು ಸರಿಯಾಗಿ ಅಲ್ಲಿಂದಲೇ, ಅದೂ ಮೂಗಿನ ಜರಡಿ ಇಲ್ಲದೆ ಬಾಯಿಂದ. ಸುಮ್ಮನೆ ಕೂತಾಗ ನಿಮಿಷಕ್ಕೆ 6-8 ಲೀಟರ್ ಗಾಳಿ ಸಾಕು. ಕಷ್ಟದ ಸೆಟ್‌ನಲ್ಲಿ ಅದು ಹತ್ತು ಪಟ್ಟಿನ ಹತ್ತಿರ ಹೋಗುತ್ತೆ. ಹೊರಗೆ ತೆರೆದ ಕೊಳವಾದರೆ ಗಾಳಿ ಹೊತ್ಕೊಂಡು ಹೋಗುತ್ತೆ. ಇಲ್ಲಿ ತಗಡಿನ ಚಾವಣಿ, ಮೂರು ಕಡೆ ಗೋಡೆ, ಎಕ್ಸಾಸ್ಟ್ ಫ್ಯಾನಿಗೆ ಗುಬ್ಬಚ್ಚಿ ಗೂಡು.

ಅದರ ಫಲ ನೋಡಿ. ಬ್ಯಾಚಲ್ಲಿ ಒಬ್ಬ ಎಂಜಿನಿಯರಿಂಗ್ ಹುಡುಗನಿಗೆ ಚಿಕ್ಕಂದಿನಿಂದ ಆಸ್ತಮಾ. ಈಜು ಒಳ್ಳೇದು ಅಂತ ಡಾಕ್ಟರೇ ಕಳಿಸಿದ್ದು, ಅದು ಸರಿಯೂ ಹೌದು. ಕೊಳದ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರೋದರಿಂದ ಒಣ ಚಳಿಗಾಳಿಯಲ್ಲಿ ಓಡಿದಷ್ಟು ಶ್ವಾಸನಾಳ ಬಿಗಿಯೋದಿಲ್ಲ. ಬುಧವಾರ, ಗುರುವಾರ ಅವನು ಚೆನ್ನಾಗೇ ಈಜ್ತಾನೆ. ಸೋಮವಾರ ಬೆಳಗ್ಗೆ, ಭಾನುವಾರದ ಜನಜಂಗುಳಿ ಇಳಿದು ಹೋದ ನೀರಲ್ಲಿ, ನಾಲ್ಕನೇ ನೂರು ಮೀಟರಿಗೆ ಕೆಮ್ಮು ಹತ್ತುತ್ತೆ. ಎದೆಯಲ್ಲಿ ಸುಂಯ್ ಅನ್ನೋ ಸದ್ದು ಪಕ್ಕದ ಲೇನಲ್ಲಿರೋ ನನಗೇ ಕೇಳಿಸುತ್ತೆ. ಮೇಡಂ ಅವನನ್ನ ಹೊರಗೆ ಕಳಿಸಿ, ಬ್ಯಾಗಲ್ಲಿರೋ, ಶ್ವಾಸನಾಳ ಸಡಿಲಿಸೋ ಸಾಲ್ಬ್ಯುಟಮಾಲ್ ಪಂಪ್ ತರಿಸ್ತಾರೆ. ಅವನಿಗೊಬ್ಬನಿಗೇ ಅಲ್ಲ, ಸೋಮವಾರ ನಮಗೆಲ್ಲ ಗಂಟಲು ಕೆರೆತ. ದೊಡ್ಡ ಮಟ್ಟದ ಈಜುಗಾರರಲ್ಲಿ ಆಸ್ತಮಾ ಬೇರೆ ಕ್ರೀಡೆಯವರಿಗಿಂತ ಹೆಚ್ಚು ಕಾಣಿಸ್ಕೊಳ್ಳುತ್ತೆ, ವರ್ಷಗಟ್ಟಲೆ ಇಂಥ ಗಾಳಿ ಕುಡಿಯೋದೂ ಅದಕ್ಕೊಂದು ಕಾರಣ ಅಂತ ಪರಿಗಣಿಸ್ತಾರೆ.

ನೀರಿನ ರಿಜಿಸ್ಟರ್ ತೋರಿಸಿ ಅಂದೆ, ತೋರಿಸಿದರು, ಅದಕ್ಕೆ ಮೆಚ್ಚುಗೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಇರಬೇಕು. ರಿಜಿಸ್ಟರಲ್ಲಿ ವಾರಪೂರ್ತಿ ಪಿಎಚ್ 7.4, ಕ್ಲೋರಿನ್ 2, ಏಳೂ ಸಾಲು ಒಂದೇ ಪೆನ್ನಲ್ಲಿ, ಒಂದೇ ಓರೆಯಲ್ಲಿ. ಮುಂದಿನ ವಾರದ ಎರಡು ಸಾಲೂ ಆಗಲೇ ತುಂಬಿತ್ತು.

ನೀರಿಗೆ ಕೊಟ್ಟ ಮೂರು ಅಂಕ ಎಲ್ಲಿಂದ ಬಂತು ಅಂದ್ರೆ, ನವೆಂಬರಿಂದ ಫೆಬ್ರುವರಿವರೆಗೆ ಬೆಳಗ್ಗೆ ನೀರು ತಣ್ಣಗೆ, ಜನ ಕಡಿಮೆ. ಸ್ಪರ್ಧೆಯ ಕೊಳಗಳಲ್ಲಿ 25ರಿಂದ 28 ಡಿಗ್ರಿ ಇಡ್ತಾರೆ. ಸುಮ್ಮನೆ ತೇಲೋರಿಗೆ ಅದು ಚಳಿ, ಜೋರಾಗಿ ಈಜೋರಿಗೆ ಹದ. ಈಜಿನಲ್ಲಿ ನಾವು ಖರ್ಚು ಮಾಡೋ ಶಕ್ತಿಯ ಹತ್ತರಲ್ಲೊಂದು ಪಾಲು ಮುಂದೆ ಸಾಗೋಕೆ ಸಿಕ್ಕರೆ ಪುಣ್ಯ, ಉಳಿದದ್ದರಲ್ಲಿ ಹೆಚ್ಚಿನದು ಶಾಖ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಆ ಶಾಖ ಎಳ್ಕೊಳ್ಳುತ್ತೆ, ನೀರು ತಣ್ಣಗಿದ್ದರೆ. ಏಪ್ರಿಲಲ್ಲಿ ತಗಡು ಕಾದು, ಸಂಜೆ ಬ್ಯಾಚಿನ ಹೊತ್ತಿಗೆ ನೀರು ಬೆಚ್ಚಗಾದಾಗ ನೋಡಿ: ಅದೇ 2.36ರ ಸೆಟ್‌ಗೆ ನಾಡಿ ಮೇಲೆ ಮೇಲೆ ಹೋಗುತ್ತೆ, ಮುಖ ಕೆಂಪಾಗುತ್ತೆ, ತಲೆ ಭಾರ. ಆ ನೀರಲ್ಲಿ ಬೆವರು ಆರೋದಿಲ್ಲ, ಬೆವರಿದ್ದು ತಿಳಿಯೋದೂ ಇಲ್ಲ. ನೀರಲ್ಲಿರೋರಿಗೆ ಬಾಯಾರಿಕೆಯೇ ಅಂತ ನಗೋರು ಲೇನ್ ತುದಿಯಲ್ಲಿ ಬಾಟಲಿ ಇಡೋದಿಲ್ಲ. ಮೂತ್ರ ಹೆಚ್ಚು, ಬೆವರು ಹೆಚ್ಚು, ಮನೆಗೆ ಹೋದ ಮೇಲೆ ಮೀನಖಂಡ ಹಿಡ್ಕೊಂಡು ಕೂಗೋರು ಇವರೇ. ಮೇಡಂ ಬಾಟಲಿ ಇಲ್ಲದೆ ಇಳಿಸೋದಿಲ್ಲ.

ಹಸಿವಿನ ಬಗ್ಗೆ ಎರಡು ಮಾತು. ತೂಕ ಇಳಿಸೋಕೆ ಅಂತಲೇ ಬರೋರು ಗಮನಿಸಿ, ತಣ್ಣೀರಲ್ಲಿ ವ್ಯಾಯಾಮ ಮಾಡಿದ ಮೇಲೆ ಜನ ಹೆಚ್ಚು ತಿಂತಾರೆ ಅನ್ನೋದು ಅಧ್ಯಯನಗಳಲ್ಲೂ ಕಂಡಿದೆ. ನಮ್ಮ ಬ್ಯಾಚಿಗೆ ಅಧ್ಯಯನ ಬೇಕಾಗಿಲ್ಲ, ಏಳು ಗಂಟೆಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ನಮ್ಮನ್ನ ನೋಡಿದರೆ ಸಾಕು. ಬೆಣ್ಣೆ ಸಮೇತ ಎರಡು ಇಳಿದರೆ ಈಜಿದ್ದೆಲ್ಲ ಸರಿಸಮ. ನನ್ನ ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಎಣಿಸೋ ನಾಡಿ ಮಾತ್ರ 78ರಿಂದ 68ಕ್ಕೆ ಬಂದಿದೆ. ರಕ್ತದ ದ್ರವ ಭಾಗ ಹೆಚ್ಚೋದು ಮೊದಲ ವಾರಗಳಲ್ಲೇ ಶುರುವಾಗುತ್ತೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ದೂಡೋದು, ಸ್ನಾಯುವಿನಲ್ಲಿ ಸಣ್ಣ ರಕ್ತನಾಳ, ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾ ಹೆಚ್ಚೋದಕ್ಕೆಲ್ಲ ತಿಂಗಳುಗಳು ಬೇಕು. ಸಂಜೆ ಅಂಗಡಿಯ ಮೇಲಿನ ಅಟ್ಟಕ್ಕೆ ಸಲೈನ್ ಬಾಕ್ಸ್ ಹೊತ್ತು ಹತ್ತಿದಾಗ ನನಗೆ ಅದು ಗೊತ್ತಾಗ್ತಿದೆ.

ಈ ಬ್ಯಾಚ್ ಕೊಡದೇ ಇರೋದು ಮೂಳೆಗೆ ಕೆಲಸ. ನೀರು ಮೈಭಾರ ಹೊತ್ಕೊಳ್ಳುತ್ತೆ, ಮಂಡಿನೋವಿನೋರಿಗೆ ಅದೇ ವರ. ಮೂಳೆ ಗಟ್ಟಿಯಾಗೋಕೆ ಮಾತ್ರ ಭಾರ ಬೀಳಲೇಬೇಕು. ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರು ಈಜೊಂದನ್ನೇ ನೆಚ್ಚಿಕೊಂಡರೆ ಸಾಲದು. ಭಾನುವಾರ ಕೊಳದ ಬದಲು ದೇವರಾಯನದುರ್ಗ ಹತ್ತಿ ಅಂತ ಮೇಡಂ ಹೇಳೋದು ಇದಕ್ಕೇ. ಭಾನುವಾರದ ನೀರಿಗೆ ಇಳಿಯದೆ ಇರೋಕೂ ಅದೊಂದು ಒಳ್ಳೇ ನೆಪ.

ಇನ್ನು ಸಣ್ಣಪುಟ್ಟ ವಿಷಯ. ಹೆಂಗಸರಿಗೇ ಮೀಸಲು ಬ್ಯಾಚ್ ಬೆಳಗ್ಗೆ 10 ಗಂಟೆಗೆ ಇಟ್ಟಿದ್ದಾರೆ, ದುಡಿಯೋ ಹೆಂಗಸು ಅಷ್ಟೊತ್ತಿಗೆ ಎಲ್ಲಿಂದ ಬರಬೇಕೋ ಗೊತ್ತಿಲ್ಲ. ನಮ್ಮ 5.45ರ ಬ್ಯಾಚ್ ಎಲ್ಲರದ್ದೂ, ಇಲ್ಲಿವರೆಗೆ ಯಾರಿಂದಲೂ ಕಿರಿಕಿರಿ ಆಗಿಲ್ಲ, ಮೇಡಂ ಕಣ್ಣು ಹಾಗಿದೆ. ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಮೂರು ಶವರ್, ಒಂದರಲ್ಲಿ ನೀರು ಬರುತ್ತೆ. ಇಳಿಯೋ ಮೊದಲು ಸೋಪು ಹಚ್ಚಿ ಸ್ನಾನ ಮಾಡಿ, ಬೆವರು ಎಣ್ಣೆ ಕೊಳಕ್ಕೆ ಹೋಗದಿದ್ದರೆ ಘಾಟು ಅಷ್ಟಾದರೂ ಕಡಿಮೆ. ಕೂದಲನ್ನ ಮೊದಲೇ ಒಳ್ಳೇ ನೀರಲ್ಲಿ ನೆನೆಸಿ ಟೋಪಿ ಹಾಕ್ಕೊಳ್ಳಿ, ಕೊಳದ ನೀರು ಕಡಿಮೆ ಹೀರ್ಕೊಳ್ಳುತ್ತೆ. ಲೈಫ್‌ಗಾರ್ಡ್ ಇದ್ದಾರೆ, ಫೋನ್ ನೋಡ್ತಾರೆ. ಹೃದಯದ ತೊಂದರೆ ಇರೋರು, ಈಚೆಗೆ ಸ್ಟೆಂಟ್ ಹಾಕಿಸ್ಕೊಂಡೋರು ತಮ್ಮ ಡಾಕ್ಟರನ್ನ ಕೇಳದೆ ಈ ಬ್ಯಾಚಿಗೆ ಸೇರಬೇಡಿ. ನಾಡಿ ಎಣಿಸೋ ಕೋಚ್ ಇದ್ದಾರೆ ಅನ್ನೋದು ಡಾಕ್ಟರ್ ಇದ್ದ ಹಾಗಲ್ಲ.

ಸೇರೋದಾದ್ರೆ ನವೆಂಬರಲ್ಲಿ ಸೇರಿ, ಬೆಳಗಿನದೇ ತಗೊಳ್ಳಿ, ಸೋಮವಾರ ರಜೆ ಹಾಕಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 6,500ಕ್ಕೆ ಇಳಿಸ್ತಾರೆ, ಅವರಾಗಿ ಹೇಳೋದಿಲ್ಲ, ನೀವೇ ಕೇಳಬೇಕು. ಮೂರನೇ ಲೇನ್ ಕೇಳಿ ತಗೊಳ್ಳಿ, ಗೋಡೆ ಇಲ್ಲದ ಕಡೆಯ ಗಾಳಿ ಅಲ್ಲಿಗೆ ಚೂರು ಬೀಸುತ್ತೆ. ಶೌಚಾಲಯದ ಬೀಗದ ಬಗ್ಗೆ ದೂರು ಪುಸ್ತಕದಲ್ಲಿ ನಾನು ಬರೆದ ಸಾಲಿನ ಕೆಳಗೆ ಜಾಗ ಬಿಟ್ಟಿದ್ದೀನಿ, ನೀವೂ ಸಹಿ ಹಾಕಿ.